ಹೊಳಪಿನ ಹಿಂಬದಿ: ಅಪ್ಪಯ್ಯನ ಫಿಯಾಟಿಗೆ ಎರಡನೆಯ ಸಲ ಕ್ರೋಮ್

ಮೊದಲ ಸಲ ಮಾಡಿಸಿದ ಕ್ರೋಮ್ ಒಂದೇ ಮಳೆಗಾಲ ಬಾಳಿತು. ಮೇ ತಿಂಗಳಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಬಹುದು ಎನ್ನುವಷ್ಟು ಹೊಳೆಯುತ್ತಿದ್ದ ಬಂಪರು ಅಕ್ಟೋಬರ್ ಹೊತ್ತಿಗೆ ಕಜ್ಜಿ ಎದ್ದ ಚರ್ಮದಂತಾಯಿತು. ಮೈತುಂಬ ಸಾಸಿವೆ ಗಾತ್ರದ ಗುಳ್ಳೆಗಳು. ಉಗುರಿನಿಂದ ಕೆರೆದರೆ ಬೇಗಡೆಯಂತಹ ಚೂರು ಎದ್ದು ಬರುತ್ತಿತ್ತು, ಅದರಡಿ ಕೆಂಪು ಹುಡಿ. ಹಿಂದಿನ ಬಂಪರಿನ ಕೆಳ ಅಂಚಿನಲ್ಲಿ ಕಿರುಬೆರಳು ತೂರುವಂತಹ ಎರಡು ತೂತುಗಳು. ಅಪ್ಪಯ್ಯ ಒಂದು ಸುತ್ತು ಬಂದು ನೋಡಿ, "ಇದಕ್ಕಿಂತ ಮುಂಚಿನ ತುಕ್ಕೇ ಚೆನ್ನಾಗಿತ್ತು. ಅದು ಮೋಸ ಮಾಡುತ್ತಿರಲಿಲ್ಲ" ಎಂದ.

ಕಾರು 1986ರ ಪ್ರೀಮಿಯರ್ ಪದ್ಮಿನಿ. ಮುಂಬೈನ ಕುರ್ಲಾ ಕಾರ್ಖಾನೆಯಿಂದ ಬಂದದ್ದು, 1,089 ಸಿಸಿ ಎಂಜಿನ್. ಫಿಯಾಟ್ ಹೆಸರು ಹೋಗಿ ಪದ್ಮಿನಿ ಎಂಬ ಹೆಸರು ಬಂದು ಎಷ್ಟೋ ವರ್ಷಗಳ ನಂತರ ತಯಾರಾದ ಗಾಡಿಯಾದರೂ ಕುಮಟಾದಲ್ಲಿ ಅದನ್ನು ಯಾರೂ ಪದ್ಮಿನಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಅದು ಫಿಯಾಟ್, ಅಷ್ಟೇ. ನಮ್ಮ ಮನೆಯಿಂದ ಸಮುದ್ರಕ್ಕೆ ಒಂದು ಕಿಲೋಮೀಟರ್ ಕೂಡ ಇಲ್ಲ. ಆಷಾಢದ ರಾತ್ರಿಗಳಲ್ಲಿ ಅಲೆಯ ಸದ್ದು ಅಡುಗೆಮನೆಗೆ ಕೇಳಿಸುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಗಿಂತ, ಮಳೆ ಇಲ್ಲದ ದಿನಗಳಲ್ಲಿ ಸದ್ದಿಲ್ಲದೆ ಬಂದು ಕೂರುವ ಉಪ್ಪುಗಾಳಿ ಕಬ್ಬಿಣಕ್ಕೆ ಹೆಚ್ಚು ಕಾಡುತ್ತದೆ. ಮಳೆ ಉಪ್ಪನ್ನು ತೊಳೆದಾದರೂ ಹೋಗುತ್ತದೆ.

ಮೊದಲ ಸಲದ ತಪ್ಪಿನಲ್ಲಿ ನನ್ನ ಪಾಲು ದೊಡ್ಡದು. ತಂಗಿಯ ಮದುವೆ ಎದುರಿಗಿತ್ತು, ದಿಬ್ಬಣಕ್ಕೆ ಫಿಯಾಟೇ ಹೋಗಬೇಕೆಂದು ಹಟ. ಒಂದು ವಾರದಲ್ಲಿ, ಕಡಿಮೆ ದರದಲ್ಲಿ ಮಾಡಿಕೊಡುವವರನ್ನು ಹುಡುಕಿದೆ, ಸಿಕ್ಕರು. ಒಂದು ವಾರದಲ್ಲಿ ಏನಾಗುತ್ತದೆಯೋ ಅದನ್ನೇ ಅವರು ಮಾಡಿಕೊಟ್ಟರು.

ಈ ಸಲ ಬಿಚ್ಚುವ ಕೆಲಸ ಶುರು ಮಾಡಿದ್ದು ದೀಪಾವಳಿ ಮುಗಿದ ಮೇಲೆ, ಗಾಳಿ ಒಣಗಿದಾಗ. ಮುಂದಿನ ಬಂಪರು, ಹಿಂದಿನ ಬಂಪರು, ಅವುಗಳ ಮೇಲೆ ಕೋರೆಹಲ್ಲಿನಂತೆ ನಿಲ್ಲುವ ನಾಲ್ಕು ಗಾರ್ಡುಗಳು. ಬ್ರಾಕೆಟಿನ ಬೋಲ್ಟುಗಳೆಲ್ಲ ತುಕ್ಕಿನಿಂದ ಒಂದೇ ಗಂಟಾಗಿದ್ದವು. ಹಳೆಯ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ಮೂರು ದಿನ ಬೆಳಿಗ್ಗೆ ಸಂಜೆ ಹನಿ ಹಾಕಿದೆ. ನಾಲ್ಕನೆಯ ದಿನ ಪಾನಾ ಹಾಕಿ, ಬಿಚ್ಚುವ ದಿಕ್ಕಿಗಲ್ಲ, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸುವುದು. ತುಕ್ಕಿನ ಕಟ್ಟು ಒಡೆಯುವಾಗ 'ಟಿಕ್' ಎಂಬ ಸದ್ದು ಬರುತ್ತದೆ. ಆ ಸದ್ದು ಬಂದರೆ ಗೆದ್ದ ಹಾಗೆ. ಎಂಟರಲ್ಲಿ ಆರು ಹಾಗೆ ಬಂದವು, ಒಂದಕ್ಕೆ ಬ್ಲೋ ಲ್ಯಾಂಪಿನ ಬೆಂಕಿ ಬೇಕಾಯಿತು, ಇನ್ನೊಂದು ಕುತ್ತಿಗೆ ಮುರಿದುಕೊಂಡು ಒಳಗೇ ಉಳಿಯಿತು. ಅದನ್ನು ಡ್ರಿಲ್ ಮಾಡಿ ತೆಗೆಯುವಷ್ಟರಲ್ಲಿ ಒಂದು ಭಾನುವಾರ ಹೋಯಿತು.

ಬಂಪರು ಕೈಗೆ ಬಂದ ಮೇಲೆ ನಾನು ಮೊದಲು ನೋಡಿದ್ದು ಅದರ ಬೆನ್ನು. ಮೊದಲ ಸಲ ನೋಡದೆ ಬಿಟ್ಟದ್ದೂ ಅದನ್ನೇ. ಕೆಳ ಅಂಚು ಒಳಕ್ಕೆ ಮಡಚಿಕೊಂಡಿರುವುದರಿಂದ ಅಲ್ಲೊಂದು ಕಾಲುವೆಯಾಗಿ, ಚಕ್ರ ಎರಚಿದ ಕೆಂಪು ಮಣ್ಣು ವರ್ಷಗಟ್ಟಲೆ ಕುಳಿತು ಇಟ್ಟಿಗೆಯಾಗಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ಇದ್ದಲ್ಲಿ ಗಂಟೆಯ ನಾದ, ಸತ್ತಲ್ಲಿ ಒಣಗಿದ ಸೋರೆಬುರುಡೆಯ ಸದ್ದು. ಹಿಂದಿನ ಬಂಪರಿನಲ್ಲಿ ಒಂದು ಗೇಣು ಉದ್ದ ಸತ್ತಿತ್ತು. ಗಾರ್ಡು ಮತ್ತು ಬಂಪರು ಒಂದಕ್ಕೊಂದು ಅಂಟಿಕೊಳ್ಳುವ ಜಾಗದಲ್ಲೂ ಅದೇ ಕಥೆ. ಎದುರಿನಿಂದ ನಮಗೆ ಕಾಣುತ್ತಿದ್ದ ಗುಳ್ಳೆಗಳಲ್ಲಿ ಅರ್ಧಕ್ಕರ್ಧ ಹಿಂದಿನಿಂದ ಹೊರಟು ಬಂದ ತುಕ್ಕು.

ಉಳಿದರ್ಧಕ್ಕೆ ಕಾರಣ ಬೇರೆ. ಅದು ನನಗೆ ಹೊಳೆದದ್ದು ತದಡಿಯಲ್ಲಿ. ಅಘನಾಶಿನಿ ಸಮುದ್ರ ಸೇರುವಲ್ಲಿರುವ ಆ ಬಂದರಿನಲ್ಲಿ ಪರಿಚಯದ ಒಬ್ಬರ ಉಕ್ಕಿನ ದೋಣಿ ದುರಸ್ತಿಗೆ ಮೇಲೇರಿತ್ತು. ಅದರ ಚುಕ್ಕಾಣಿಯ ಹತ್ತಿರ ಸತುವಿನ ಬಿಲ್ಲೆಗಳನ್ನು ಕೂರಿಸುತ್ತಿದ್ದರು. ಹಳೆಯ ಬಿಲ್ಲೆ ಇಲಿ ತಿಂದ ಕೊಬ್ಬರಿಯಂತಾಗಿತ್ತು, ಪಕ್ಕದ ಉಕ್ಕು ಮಾತ್ರ ನೆಟ್ಟಗಿತ್ತು. ಉಪ್ಪುನೀರಿನಲ್ಲಿ ಸತು ಮತ್ತು ಉಕ್ಕು ಒಟ್ಟಿಗಿದ್ದರೆ ಸತು ಮೊದಲು ಕರಗುತ್ತದೆ, ಉಕ್ಕು ಉಳಿಯುತ್ತದೆ. ಬಂಪರಿನಲ್ಲಿ ಇದು ತಿರುವುಮುರುವು. ಉಕ್ಕಿನ ಮೇಲೆ ಕೂತಿರುವ ನಿಕಲ್ ಉಕ್ಕಿಗಿಂತ ಮೇಲ್ಜಾತಿಯ ಲೋಹ. ತಾನು ಕರಗುವುದಿಲ್ಲ, ಪಕ್ಕದವನನ್ನು ಕರಗಿಸುತ್ತದೆ. ಸೂಜಿಮೊನೆಯಷ್ಟು ರಂಧ್ರ ಸಿಕ್ಕಿ ಉಪ್ಪುನೀರು ಉಕ್ಕಿನ ತನಕ ಇಳಿಯಿತೋ, ಸುತ್ತಲಿನ ನಿಕಲ್ ಎಲ್ಲ ಸೇರಿ ಆ ಒಂದು ಚುಕ್ಕೆಯನ್ನು ತಿನ್ನಿಸುತ್ತವೆ. ಆದ್ದರಿಂದ ತಗಡಿನ ಛಾವಣಿಯ ಸತುವಿನ ಲೇಪಕ್ಕೆ ಗೀರು ಬಿದ್ದರೂ ನಡೆದೀತು, ಬಂಪರಿನ ಲೇಪದಲ್ಲಿ ರಂಧ್ರವೇ ಇರಕೂಡದು.

ಈಗ ಕ್ರೋಮ್ ಎಂದು ನಾವು ಕರೆಯುವುದರ ವಿಚಾರ. ಬಂಪರಿನ ಮೇಲೆ ಕ್ರೋಮಿಯಂ ಇರುವುದು ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ) ಕಾಲು ಭಾಗದಿಂದ ಅರ್ಧದಷ್ಟು. ತಲೆಗೂದಲನ್ನು ಇನ್ನೂರು ಪದರ ಸೀಳಿದರೆ ಬರುವ ಒಂದು ಪದರ ಎಂದುಕೊಳ್ಳಿ. ಅದು ಗೀರು ಬೀಳದಂತೆ, ಮಬ್ಬಾಗದಂತೆ ಕಾಯುತ್ತದೆ, ಆ ತಣ್ಣನೆಯ ನೀಲಿ ಛಾಯೆಯನ್ನು ಕೊಡುತ್ತದೆ, ಅಷ್ಟೇ. ಹೊಳಪು ನಿಕಲ್ಲಿನದು. ನಿಕಲ್ ಕನ್ನಡಿಯಂತಾಗುವುದು ಅದರಡಿಯ ತಾಮ್ರ ನುಣುಪಾಗಿದ್ದರೆ, ತಾಮ್ರ ಹಿಡಿಯುವುದು ಅದರಡಿಯ ಉಕ್ಕು ಸ್ವಚ್ಛವಾಗಿದ್ದರೆ. ನನ್ನ ಮೊದಲ ಕ್ರೋಮಿನಲ್ಲಿ ತಾಮ್ರವೇ ಇರಲಿಲ್ಲ. ಎದ್ದ ಚೂರನ್ನು ಬೆಳಕಿಗೆ ಹಿಡಿದು ನೋಡಿದರೆ ಎರಡೂ ಬದಿ ಬೆಳ್ಳಗೆ. ತಾಮ್ರವಿದ್ದಿದ್ದರೆ ಹಿಂಬದಿ ಕೆಂಪಗಿರಬೇಕಿತ್ತು. ಹಳೆಯ ಗುಳಿಗಳನ್ನು ತಿಕ್ಕಿ ತೆಗೆಯುವ ಬದಲು ಒಂದೆರಡು ಕಡೆ ಬಾಡಿ ಪುಟ್ಟಿ ತುಂಬಿದ್ದರು. ಲೇಪ ಹಾಕುವುದು ತೊಟ್ಟಿಯ ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ. ಪುಟ್ಟಿಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದ್ದರಿಂದ ಅದರ ಮೇಲೆ ಲೋಹ ಕೂರುವುದೂ ಇಲ್ಲ. ಅಕ್ಕಪಕ್ಕದಿಂದ ಚಾಚಿದ ತೆಳುಪೊರೆ ಅದನ್ನು ಮುಚ್ಚಿತ್ತು.

ಮನೆಯಲ್ಲೇ ಮಾಡಿದರೆ ಹೇಗೆ ಎಂಬ ಯೋಚನೆ ನನಗೂ ಬಂದಿತ್ತು. ಕ್ರೋಮಿಯಂಗೆ ಪ್ರತಿ ಚದರ ಡೆಸಿಮೀಟರಿಗೆ, ಅಂದರೆ ಹತ್ತು ಸೆಂಟಿಮೀಟರ್ ಉದ್ದಗಲದ ಚೌಕಕ್ಕೆ, 10ರಿಂದ 20 ಆಂಪಿಯರ್ ಬೇಕು. ಮುಂದಿನ ಬಂಪರಿನ ಮುಖವನ್ನು ಅಳೆದು ಲೆಕ್ಕ ಹಾಕಿದರೆ 300 ಆಂಪಿಯರಿನ ಸುತ್ತಮುತ್ತ. ಒತ್ತಡ ಮಾತ್ರ ಐದಾರು ವೋಲ್ಟ್. ವೋಲ್ಟೇಜು ಟಾರ್ಚಿನದು, ಕರೆಂಟು ವೆಲ್ಡಿಂಗ್ ಯಂತ್ರದ್ದು. ಅದನ್ನು ಹೇಗೋ ಹೊಂದಿಸಬಹುದು ಎಂದೇ ಇಟ್ಟುಕೊಳ್ಳೋಣ. ತೊಟ್ಟಿಯಲ್ಲಿರುವ ಕ್ರೋಮಿಕ್ ಆಮ್ಲವನ್ನು ಹೊಂದಿಸಲಾಗುವುದಿಲ್ಲ. ಹರಿಸಿದ ವಿದ್ಯುತ್ತಿನಲ್ಲಿ ಬಹುಪಾಲು ಲೋಹ ಕೂರಿಸುವುದಕ್ಕಲ್ಲ, ಜಲಜನಕದ ಗುಳ್ಳೆ ಎಬ್ಬಿಸುವುದಕ್ಕೆ ಖರ್ಚಾಗುತ್ತದೆ. ಆ ಗುಳ್ಳೆಗಳು ಒಡೆದು ಆಮ್ಲದ ಮಂಜನ್ನು ಮೇಲಕ್ಕೆ ಒಯ್ಯುತ್ತವೆ. ಅದು ಮೂಗಿನ ನಡುಗೋಡೆಯನ್ನು ತೂತು ಮಾಡುತ್ತದೆ, ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ತಾಮ್ರದ ಮೊದಲ ತೊಟ್ಟಿಯಲ್ಲಿರುವುದು ಸಯನೈಡ್. ಬಾವಿಯಿಂದ ಇಪ್ಪತ್ತು ಹೆಜ್ಜೆ ದೂರದ ಕೊಟ್ಟಿಗೆಯಲ್ಲಿ ಇಂಥ ಆಟ ಬೇಡ.

ಹಾಗಾಗಿ ಮನೆಯ ಪಾಲಿಗೆ ಉಳಿದದ್ದು ತೇಪೆ ಮತ್ತು ನೆಗ್ಗು ತೆಗೆಯುವುದು. ನೆಗ್ಗಿಗೆ ಹಲಸಿನ ಮರದ ತುಂಡೊಂದನ್ನು ಬಂಪರಿನ ಬಾಗಿಗೆ ತಕ್ಕಂತೆ ಕೆತ್ತಿಕೊಂಡು, ಒಳಗಿನಿಂದ ಹಿಡಿದು ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿದೆ. ಸಣ್ಣ ಬ್ರಾಕೆಟುಗಳ ತುಕ್ಕು ಬಿಡಿಸಲು ಜೋನಿ ಬೆಲ್ಲದ ಪ್ರಯೋಗವನ್ನೂ ಮಾಡಿದೆ: ಶಿರಸಿಯ ಮಾವನ ಮನೆಯಿಂದ ಬಂದು, ಹುಳಿ ಹಿಡಿದು ಯಾರೂ ಮುಟ್ಟದೆ ಉಳಿದಿದ್ದ ಒಂದು ಡಬ್ಬಿ, ಒಂದು ಪಾಲಿಗೆ ಎಂಟು ಪಾಲು ನೀರು, ಹದಿನೈದು ದಿನ ನೆನೆಸುವುದು. ತುಕ್ಕು ನಿಜಕ್ಕೂ ಬಿಟ್ಟಿತು, ಗಟ್ಟಿ ಲೋಹಕ್ಕೆ ಏನೂ ಆಗಲಿಲ್ಲ. ವಾಸನೆ ಮಾತ್ರ ಭಟ್ಟಿಯದು. ಊರಿನ ಇರುವೆಗಳಿಗೆಲ್ಲ ಕರೆಯೋಲೆ ಹೋದಂತಾಗಿ, ಆಯಿ ಬಕೆಟ್ಟನ್ನು ತೋಟದ ಆಚೆ ಇಡುವ ತನಕ ನನ್ನೊಂದಿಗೆ ಮಾತು ಬಿಟ್ಟಳು.

ತೂತುಗಳಿಗೆ ಇಲ್ಲೇ ಗ್ಯಾರೇಜಿನಲ್ಲಿ ತಗಡು ಮೇಲಿಟ್ಟು ತೇಪೆ ಹಾಕಿಸಿದೆ. ಸುಂದರವಾಗಿಯೇ ಕೂತಿತ್ತು. ಎರಡು ಬಂಪರುಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ಏರಿಸಿದೆ. ಕಂಡಕ್ಟರು ಕಂಬಳಿ ಎತ್ತಿ ನೋಡಿ, ನನ್ನ ಭುಜದೆತ್ತರದ ಸಾಮಾನಿಗೆ ಎಷ್ಟು ಲಗೇಜು ಹಾಕಬೇಕೆಂದು ಎರಡು ನಿಮಿಷ ಯೋಚಿಸಿ, ಕೊನೆಗೆ ಅರ್ಧ ಟಿಕೆಟ್ ಹರಿದು ಕೊಟ್ಟರು. ದೇವಿಮನೆ ಘಾಟಿಯ ತಿರುವುಗಳಲ್ಲಿ ಅವು ಕಾಲಿಗೆ ಬಡಿಯುತ್ತಾ ಶಿರಸಿ ದಾಟಿ ಹುಬ್ಬಳ್ಳಿ ತಲುಪಿದಾಗ ನನ್ನ ಮೊಣಕಾಲಿನ ಬಣ್ಣ ಬೇರೆಯಾಗಿತ್ತು.

ಹುಬ್ಬಳ್ಳಿಯಲ್ಲಿ ಸಿಕ್ಕ ಪ್ಲೇಟಿಂಗ್ ಮಿಸ್ತ್ರಿಗೆ ಎಪ್ಪತ್ತು ದಾಟಿರಬಹುದು. ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಮುಖವನ್ನು ನೋಡಲೇ ಇಲ್ಲ, ಬಂಪರನ್ನು ತಿರುಗಿಸಿ ಹಿಡಿದು ತೇಪೆಯ ಅಂಚಿನಲ್ಲಿ ಉಗುರು ಆಡಿಸಿದರು.

"ಇದು ನಡೆಯುವುದಿಲ್ಲ ಸರ್. ಬಿಚ್ಚಿಕೊಂಡು ಬನ್ನಿ."

"ಗಟ್ಟಿಯಾಗಿದೆಯಲ್ಲ ಚಾಚಾ?"

"ಗಟ್ಟಿ ಇದೆ. ಆದರೆ ಎರಡು ತಗಡಿನ ನಡುವೆ ಸಂದಿಯೂ ಇದೆ. ನನ್ನ ಆಸಿಡ್ ಅಲ್ಲಿ ಹೋಗಿ ಕೂರುತ್ತದೆ. ತೊಳೆದರೆ ಹೊರಗೆ ಬರುವುದಿಲ್ಲ. ಹದಿನೈದು ದಿನ ಬಿಟ್ಟು ತಾನಾಗಿಯೇ ಬರುತ್ತದೆ, ನಿಮ್ಮ ಮನೆಯಲ್ಲಿ."

ಹಿಂದಿನ ಬಂಪರು ನನ್ನೊಂದಿಗೇ ಊರಿಗೆ ವಾಪಸಾಯಿತು. ಸತ್ತ ಒಂದು ಗೇಣನ್ನು ಪೂರ್ತಿ ಕತ್ತರಿಸಿ, ಅದೇ ದಪ್ಪದ ಉಕ್ಕನ್ನು ಅದೇ ಬಾಗಿಗೆ ತಟ್ಟಿ, ಅಂಚಿಗೆ ಅಂಚು ಕೂಡಿಸಿ ಬೆಸುಗೆ ಹಾಕಬೇಕಾಯಿತು. ಮೇಲೊಂದು ತುಂಡು ಅಂಟಿಸುವುದು ಅರ್ಧ ಗಂಟೆಯ ಕೆಲಸ. ಇದಕ್ಕೆ ಎರಡು ದಿನ. ತಗಡು ಕಾವಿಗೆ ಸೊಟ್ಟಗಾಗದಂತೆ ಒಂದು ಚುಕ್ಕೆ ಈ ತುದಿಯಲ್ಲಿ, ಆರಿದ ಮೇಲೆ ಇನ್ನೊಂದು ಆ ತುದಿಯಲ್ಲಿ. ಅರದಿಂದ ಉಜ್ಜಿ ಸಮ ಮಾಡಿ, ಬೆಸುಗೆಯ ಗೆರೆಗೆ ಹಿಂದಿನಿಂದ ಸೀಮೆಎಣ್ಣೆ ಸವರಿ, ಮುಂದೆ ಸುಣ್ಣದ ಹುಡಿ ಹಚ್ಚಿ ನೋಡಿದೆ. ಎಲ್ಲಿ ಸುಣ್ಣ ಒದ್ದೆಯಾಗುತ್ತದೋ ಅಲ್ಲಿ ರಂಧ್ರ. ಮೂರು ಕಡೆ ಒದ್ದೆಯಾಯಿತು. ಅವನ್ನೂ ಮುಚ್ಚಿದ ಮೇಲೆ, ಕೆಳ ಅಂಚಿನ ಆ ಮಣ್ಣಿನ ಕಾಲುವೆಯಲ್ಲಿ ಆರು ಮಿಲಿಮೀಟರಿನ ತೂತುಗಳನ್ನು, ಬಂಪರಿಗೆ ನಾಲ್ಕರಂತೆ, ನೀರು ಇಳಿಯಲೆಂದು ಕೊರೆದೆ. ಕೊರೆಯುವುದಿದ್ದರೆ ಲೇಪಕ್ಕಿಂತ ಮೊದಲೇ ಕೊರೆಯಬೇಕು. ಅಂಚಿನ ಚೂಪನ್ನೂ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ವಿದ್ಯುತ್ತು ಆ ಮೊನೆಗೇ ಮುಗಿಬಿದ್ದು ಲೇಪ ಅಲ್ಲಿ ಕರಟುತ್ತದೆ. ಮುಂದಿನ ಬಂಪರಿಗೆ ಚಾಚಾ ತಮ್ಮಲ್ಲೇ ಕೊರೆಸಿಕೊಂಡರು.

ಎರಡನೆಯ ಸಲ ಹೋದಾಗ ಎರಡು ದಿನ ಅಲ್ಲೇ ಉಳಿದು ನೋಡಿದೆ. ಹಳೆಯ ಲೇಪವನ್ನು ಕೂರಿಸಿದ ದಾರಿಯಲ್ಲೇ ತೆಗೆಯುತ್ತಾರೆ, ವಿದ್ಯುತ್ತನ್ನು ಹಿಮ್ಮುಖ ಹರಿಸಿ. ಕ್ರೋಮಿಯಂಗೆ ಕಾಸ್ಟಿಕ್ ಸೋಡಾ, ನಿಕಲ್ಲಿಗೆ ಗಂಧಕಾಮ್ಲ. ಬತ್ತಲಾದ ಬಂಪರಿಗೆ ಚಂದ್ರನ ಮುಖದಷ್ಟು ಗುಳಿಗಳು. ನಂತರ ಉಜ್ಜುವುದು. 80ರ ಒರಟು ಎಮರಿಯಿಂದ (ಉಜ್ಜುವ ಹರಳುಪುಡಿ) ಆರಂಭಿಸಿ 120, 180, 240, 320 ಎಂದು ನುಣುಪಿನತ್ತ ಏರುತ್ತಾ, ಪ್ರತಿ ಸಲವೂ ಹಿಂದಿನ ಗೀರಿಗೆ ಅಡ್ಡಲಾಗಿ. ಹಿಂದಿನ ಗೀರು ಮಾಯವಾಗದೆ ಮುಂದಿನ ಎಮರಿಗೆ ಹೋಗುವಂತಿಲ್ಲ. ಬಫಿಂಗ್ ಚಕ್ರದ ಮುಂದೆ ಕೂತ ಹುಡುಗನ ರೆಪ್ಪೆಯೂ ಕಾಣದಷ್ಟು ಕಪ್ಪು. ಖರ್ಚಿನ ಹೆಚ್ಚಿನ ಪಾಲು ಈ ಚಕ್ರಕ್ಕೆ ಹೋಗುತ್ತದೆ, ತೊಟ್ಟಿಗಲ್ಲ. ಮೊದಲ ಸಲ ಕಡಿಮೆ ದರ ಎಲ್ಲಿಂದ ಬಂದಿತ್ತು ಎಂಬುದು ಅಲ್ಲಿ ನಿಂತಾಗ ಅರ್ಥವಾಯಿತು.

ತೊಟ್ಟಿಗೆ ಇಳಿಸುವ ಮೊದಲು ಒಂದು ಪರೀಕ್ಷೆ. ತೊಳೆದ ಬಂಪರನ್ನು ನೀರಿನಿಂದ ಎತ್ತಿ ಹಿಡಿದರೆ ನೀರು ಒಂದೇ ಹಾಳೆಯಂತೆ ಇಳಿಯಬೇಕು. ಕೆಸುವಿನ ಎಲೆಯ ಮೇಲಿನಂತೆ ಎಲ್ಲಾದರೂ ಹನಿಗಟ್ಟಿದರೆ ಅಲ್ಲಿ ಜಿಡ್ಡಿದೆ ಎಂದೇ ಅರ್ಥ, ಪುನಃ ತೊಳೆಯಬೇಕು. ನನ್ನ ಹಿಂದಿನ ಬಂಪರು ಎರಡು ಸಲ ಫೇಲಾಯಿತು. ಎರಡನೆಯದಕ್ಕೆ ಕಾರಣ ಕುತೂಹಲಕ್ಕೆ ಮುಟ್ಟಿದ ನನ್ನ ಹೆಬ್ಬೆರಳು.

ತಾಮ್ರ ಎರಡು ಹಂತದಲ್ಲಿ. ಹೊಳೆಯುವ ದಪ್ಪ ತಾಮ್ರವನ್ನು ಕೊಡುವ ಆಮ್ಲದ ತೊಟ್ಟಿಗೆ ಉಕ್ಕನ್ನು ನೇರ ಇಳಿಸಿದರೆ ವಿದ್ಯುತ್ತಿಲ್ಲದೆಯೇ ತಾಮ್ರ ತಾನಾಗಿ ಸವರಿಕೊಂಡುಬಿಡುತ್ತದೆ, ಆದರೆ ಅದು ಹಿಡಿದು ನಿಲ್ಲುವುದಿಲ್ಲ. ಹಾಗಾಗಿ ಮೊದಲು ಸಯನೈಡ್ ತೊಟ್ಟಿಯಲ್ಲಿ ತೆಳುವಾಗಿ, ನಂತರ ಆಮ್ಲದಲ್ಲಿ ದಪ್ಪವಾಗಿ. ಹೊರಬಂದ ಬಂಪರು ಹಬ್ಬಕ್ಕೆ ಹುಣಸೆಹುಳಿ ಹಚ್ಚಿ ಬೆಳಗಿದ ಕೊಡದಂತಿತ್ತು. ಅದನ್ನು ಮತ್ತೆ ಚಕ್ರಕ್ಕೆ ಒಡ್ಡಿದರು. ಉಬ್ಬಿ ಎದ್ದ ಜಾಗದಲ್ಲಿ ತಾಮ್ರ ಸವೆಯುತ್ತದೆ, ಗುಳಿಯಲ್ಲಿ ಉಳಿಯುತ್ತದೆ. ಮತ್ತೆ ತೊಟ್ಟಿ, ಮತ್ತೆ ಚಕ್ರ. ಮೂರು ಸಲ. ಪುಟ್ಟಿ ಮಾಡಬೇಕೆಂದು ನಾವು ಬಯಸುವ ಕೆಲಸವನ್ನು ತಾಮ್ರ ಮಾಡುತ್ತದೆ.

ನಿಕಲ್ಲಿನ ಬಗ್ಗೆ ನಾನು ಓದಿಕೊಂಡು ಹೋಗಿದ್ದೆ. ಸಮುದ್ರದ ಊರಿಗೆ ಒಂದೇ ನಿಕಲ್ ಸಾಲದು, ಎರಡು ಬೇಕು: ಕೆಳಗೆ ಗಂಧಕವಿಲ್ಲದ ಅರೆಹೊಳಪಿನದು, ಮೇಲೆ ಗಂಧಕದ ಅಂಶವಿರುವ ಪೂರ್ಣ ಹೊಳಪಿನದು. ಮೇಲಿನದು ಕೆಳಗಿನದಕ್ಕಿಂತ ಬೇಗ ಕರಗುವ ಸ್ವಭಾವದ್ದು. ಉಪ್ಪುನೀರು ಇಳಿಯಿತೆಂದರೆ ನೇರ ಕೆಳಕ್ಕೆ ಕೊರೆಯದೆ ಮೇಲಿನ ಪದರದಲ್ಲೇ ಅಡ್ಡಕ್ಕೆ ಹರಡುತ್ತದೆ. ಉಕ್ಕನ್ನು ತಲುಪಲು ಬಹಳ ಕಾಲ ಬೇಕಾಗುತ್ತದೆ. ತದಡಿಯ ಸತುವಿನ ಬಿಲ್ಲೆಯ ಕೆಲಸವನ್ನೇ ಇಲ್ಲಿ ಮೇಲಿನ ನಿಕಲ್ ಮಾಡುತ್ತದೆ. ಕೇಳಿದಾಗ ಚಾಚಾ ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, "ಎರಡೂ ತೊಟ್ಟಿ ಇದೆ. ಯಾರೂ ಕೇಳುವುದಿಲ್ಲ, ಅದಕ್ಕೇ ನಾನೂ ಹೇಳುವುದಿಲ್ಲ" ಎಂದರು. ಒಟ್ಟು 25 ಮೈಕ್ರಾನಿಗೆ ಕಡಿಮೆಯಾಗದಂತೆ ಎಂದು ಮಾತಾಯಿತು. ಬಣ್ಣದ ದಪ್ಪ ಅಳೆಯುವ ನನ್ನ ಪುಟ್ಟ ಯಂತ್ರವನ್ನು ಹೊರತೆಗೆದಾಗ ಮಾತ್ರ ಅವರು ನಕ್ಕರು. ಆ ಯಂತ್ರ ಅಯಸ್ಕಾಂತದ ಸೆಳೆತದ ಮೇಲೆ ನಡೆಯುತ್ತದೆ, ನಿಕಲ್ಲೂ ಅಯಸ್ಕಾಂತಕ್ಕೆ ಅಂಟುವ ಲೋಹ. ಅದು ತೋರಿಸುವ ಅಂಕಿಗೆ ಅರ್ಥವೇ ಇಲ್ಲ. ಅದಕ್ಕೆ ನಾನು ಕೊಟ್ಟ ಹಣವನ್ನು ಇಲ್ಲಿ ಬರೆಯುವುದಿಲ್ಲ.

ಕ್ರೋಮ್ ಎಲ್ಲಕ್ಕಿಂತ ಚಿಕ್ಕ ಕೆಲಸ. ಲೀಟರಿಗೆ ಕಾಲು ಕಿಲೋ ಕ್ರೋಮಿಕ್ ಆಮ್ಲ, ಅದರ ನೂರರಲ್ಲೊಂದು ಪಾಲು ಗಂಧಕಾಮ್ಲ, ಮೈ ಬಿಸಿಗಿಂತ ಸ್ವಲ್ಪ ಹೆಚ್ಚು ಕಾವು, ಇಕ್ಕೆಲಗಳಲ್ಲಿ ತೂಗುವ ಸೀಸದ ಫಲಕಗಳು. ಕೆಲವೇ ನಿಮಿಷ. ಹಳದಿ ಹನಿ ತೊಟ್ಟಿಕ್ಕುತ್ತಾ ಮೇಲೆದ್ದ ಬಂಪರನ್ನು ತೊಳೆದ ನೀರು ಪ್ರತ್ಯೇಕ ತೊಟ್ಟಿಗೆ ಹೋಯಿತು. ಅಲ್ಲಿ ಬೈಸಲ್ಫೈಟ್ ಹಾಕಿದಾಗ ಹಳದಿ ಹಸಿರಾಗುತ್ತದೆ, ವಿಷದ ತೀವ್ರತೆ ಇಳಿಯುತ್ತದೆ. ಈ ತೊಟ್ಟಿ ಇದೆಯೇ ಎಂದು ನೋಡಿ ಅಂಗಡಿಯನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ತೊಳೆದ ನೀರಿನ ಬಗ್ಗೆ ಜವಾಬ್ದಾರಿ ಇದ್ದವರು ಲೇಪದ ಬಗ್ಗೆಯೂ ಕಾಳಜಿಯಿಂದಿರುವ ಸಾಧ್ಯತೆ ಹೆಚ್ಚು. ಎರಡು ಬಂಪರು, ನಾಲ್ಕು ಗಾರ್ಡು ಸೇರಿ 16,500 ರೂಪಾಯಿ. ಮೊದಲ ಸಲ ಕೊಟ್ಟದ್ದು 6,000.

ಮನೆಗೆ ತಂದ ಮೇಲೆ ಮುಂಬದಿಗೆ ಹಳೆಯ ಪಂಚೆ ಸುತ್ತಿಟ್ಟು ಬೆನ್ನಿನ ಕೆಲಸಕ್ಕೆ ಕೂತೆ. ಕ್ರೋಮಿಯಂ ಎದುರು ಕಂಡದ್ದಕ್ಕೆ ಮಾತ್ರ ಕೂರುತ್ತದೆ, ಮೂಲೆಮುಡುಕಿಗೆ ಹೋಗುವುದಿಲ್ಲ. ನಿಕಲ್ ಕೂಡ ಹಿಂಬದಿಗೆ ಹೆಸರಿಗಷ್ಟೇ ಇರುತ್ತದೆ. ಹಿಂಬದಿಯನ್ನು ಎಮರಿಯಿಂದ ಮಂಕಾಗಿಸಿ, ಥಿನ್ನರಿನಲ್ಲಿ ಒರೆಸಿ, ದೋಣಿಗೆ ಬಳಿಯುವ, ಎರಡು ಡಬ್ಬಿಯದನ್ನು ಬೆರೆಸಿ ಬಳಸುವ ಎಪಾಕ್ಸಿ ಪ್ರೈಮರನ್ನು ಎರಡು ಕೈ, ಅದೇ ಜಾತಿಯ ಬೂದು ಬಣ್ಣವನ್ನು ಎರಡು ಕೈ ಬಳಿದೆ. ಕೊರೆದ ತೂತುಗಳ ಒಳಸುತ್ತಿಗೆ ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿ ಬಣ್ಣ ಮುಟ್ಟಿಸಿದೆ. ಗಾರ್ಡು ಮತ್ತು ಬಂಪರಿನ ನಡುವೆ ಸೈಕಲ್ ಟ್ಯೂಬನ್ನು ಕತ್ತರಿಸಿ ಪಟ್ಟಿ ಇಟ್ಟೆ, ಬೋಲ್ಟಿಗೆಲ್ಲ ಗ್ರೀಸು. ಆಯಿ ಕ್ರೋಮಿಗೆ ಕೊಬ್ಬರಿ ಎಣ್ಣೆ ಹಚ್ಚು ಎಂದಳು. ಹಚ್ಚಿದರೆ ಧೂಳು ಹಿಡಿಯುತ್ತದೆ ಎಂದು ಮೇಣ ಹಚ್ಚಿದೆ. ಚಕ್ರದ ಬಟ್ಟಲುಗಳಿಗೆ ಹೊಸ ಲೇಪ ಬೇಕಾಗಲಿಲ್ಲ; ಅಲ್ಯುಮಿನಿಯಂ ಹಾಳೆಯನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದಾಗ ಮೇಲ್ಮೈಯ ತುಕ್ಕಿನ ಚುಕ್ಕೆಗಳು ಹೋದವು. ಆ ಹಾಳೆ ಕ್ರೋಮಿಗಿಂತ ಮೆದು, ಗೀರು ಬೀಳುವುದಿಲ್ಲ.

ಜೋಡಿಸಿದ್ದು ಫೆಬ್ರುವರಿಯಲ್ಲಿ. ಮಳೆಗಾಲ ಕಳೆದ ಮೇಲೆ ಟಾರ್ಚು ಹಿಡಿದು ಕಾರಿನಡಿ ಮಲಗಿ ಇಂಚಿಂಚು ನೋಡಿದೆ. ಬಲಗಡೆಯ ಬ್ರಾಕೆಟಿನಲ್ಲಿ ಪಾನಾ ಜಾರಿ ಬಣ್ಣ ಕಿತ್ತಿದ್ದ ಕಡೆ ಕಂದು ಕಣ್ಣೀರಿನ ಒಂದು ಗೆರೆ ಇತ್ತು. ಉಜ್ಜಿ ಒಣಗಿಸಿ ಬಣ್ಣ ಮುಟ್ಟಿಸಿದೆ. ಬಂಪರಿನಲ್ಲಿ ಗುಳ್ಳೆಗಳಿಲ್ಲ. ಅಪ್ಪಯ್ಯ ಈಗ ಕಾರು ತೊಳೆಯುವ ಮೊದಲು ಬಗ್ಗಿ, ಬಂಪರಿನ ಒಳ ಅಂಚಿನಲ್ಲಿ ಬೆರಳು ಆಡಿಸಿ, ಏನೂ ಮಾತಾಡದೆ ಆ ಬೆರಳನ್ನು ನನಗೆ ತೋರಿಸುತ್ತಾನೆ. ಕಳೆದ ಭಾನುವಾರ ಅದರಲ್ಲಿ ಕೆಸರು ಮಾತ್ರ ಇತ್ತು.